ಅಲ್ಲೇ ಇದೆ, ಸರಿಯಾಗಿ ನೋಡು



ನನ್ನ ಹಳೆಯ ಲೇಖನಗಳೆಲ್ಲ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಿಂದಿನ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ ಕಳೆದ ದೀಪಾವಳಿಗೆ ತಿಮ್ಮಾಪುರಕ್ಕೆ ಬಂದಾಗ, ಅವುಗಳನ್ನು ಯೂನಿಕೋಡಿಗೆ ತರಲು ತಾನೇ ಬರೆದ ಎಕ್ಸ್‌ಟೆನ್ಷನ್ ಒಂದನ್ನು ನನ್ನ ಗಣಕಕ್ಕೆ ಹಾಕಿಕೊಟ್ಟ. ಅದು ನಡೆಯುವುದು ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ. ಪ್ರೋಗ್ರಾಂ ಬರೆಯುವವರ ಸಾಧನವದು.

ಅವನು ಹೋದ ಮರುದಿನ ಕಂಟ್ರೋಲ್, ಶಿಫ್ಟ್, ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಕಮಾಂಡುಗಳ ಉದ್ದನೆಯ ಪಟ್ಟಿ ತೆರೆಯಿತು. ‘ನುಡಿ’ ಎಂದು ಹುಡುಕಿದೆ, ಸಿಗಲಿಲ್ಲ. ‘ಕನ್ನಡ’ ಎಂದು ಹುಡುಕಿದೆ, ಸಿಗಲಿಲ್ಲ. ಫೋನ್ ಮಾಡಿದರೆ, “ಅಲ್ಲೇ ಐತ್ರಿ ಸರ್, ಸರಿಯಾಗಿ ನೋಡ್ರಿ” ಎಂದ. ಇತ್ತು, ನಿಜ. ಆದರೆ ಅದಕ್ಕೆ ಅವನಿಟ್ಟ ಹೆಸರು ಬರೀ ‘ಕನ್ವರ್ಟ್’. ಯಾವುದನ್ನು, ಯಾವುದಕ್ಕೆ ಎಂಬುದು ಅವನ ಮನಸ್ಸಿನಲ್ಲೇ ಉಳಿದಿತ್ತು.

ಅದೇ ಪಟ್ಟಿಯಲ್ಲಿ ‘ಗಿಟ್: ಕ್ಲೋನ್’, ‘ಗಿಟ್: ಕಮಿಟ್’ ಎಂಬವೂ ಇವೆ. ಮೊದಲು ಮನೆತನದ ಹೆಸರು, ಆಮೇಲೆ ಕೆಲಸ. ಎಕ್ಸ್‌ಟೆನ್ಷನ್ ಬರೆಯುವವರು ‘ಕೆಟಗರಿ’ ಎಂಬ ಒಂದು ಸಾಲು ಸೇರಿಸಿದರೆ ಇಷ್ಟಾಗುತ್ತದೆ. ‘ವೆನ್’ ಎಂಬ ಷರತ್ತು ಹಾಕಿದರೆ, ಉಪಯೋಗವಿಲ್ಲದ ಕಡೆ ಆ ಕಮಾಂಡು ಕಾಣದಂತೆಯೂ ಮಾಡಬಹುದು. ನಿತ್ಯ ಬೇಕಾಗುವ ಒಂದಕ್ಕೆ ಕಡತದ ಮೇಲ್ಭಾಗದಲ್ಲಿ ಚಿಕ್ಕ ಚಿತ್ರದ ಗುಂಡಿ ಇಡಬಹುದು. ಎಲ್ಲಕ್ಕೂ ಇಡಬಾರದು, ಇಡೀ ತರಗತಿ ಒಟ್ಟಿಗೆ ಕೂಗಿದರೆ ಯಾರ ಮಾತು ಕೇಳೀತು?

ಹುಡುಕಿದವನಿಗೆ ವಸ್ತು ಸಿಗದಿದ್ದರೆ, ಅದನ್ನು ಇಟ್ಟವನು ಮೊದಲು ತನ್ನ ತಪ್ಪನ್ನು ನೋಡಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಹೇಳಲು ನನಗೆ ಹೆಚ್ಚಿನ ಅಧಿಕಾರವಿಲ್ಲ. ಗೋಡೆಯ ನಕಾಶೆಯಲ್ಲಿ ಘಟಪ್ರಭೆಯನ್ನು ತೋರಿಸಲಾರದ ಹಿಂದಿನ ಸಾಲಿನ ಮಕ್ಕಳನ್ನು ನಾನೂ “ಅಲ್ಲೇ ಐತಿ, ಕಣ್ಣು ಬಿಟ್ಟು ನೋಡು” ಎಂದು ಗದರಿಸಿದ್ದೇನೆ, ಬೆತ್ತವನ್ನೂ ಎತ್ತಿದ್ದೇನೆ. ನಮ್ಮ ಸೀಮೆಯದೇ ನದಿ. ಆದರೆ ನಕಾಶೆಯಲ್ಲಿ ಅದರ ಹೆಸರು ಇರುವೆಸಾಲಿನಂತಿತ್ತು. ಒಂದು ಚೀಟಿಯಲ್ಲಿ ದಪ್ಪಕ್ಷರದಿಂದ ಬರೆದು ಅಂಟಿಸುವ ಬುದ್ಧಿ ನನಗೆ ಬರಲಿಲ್ಲ.

ಶಿಷ್ಯ ನನ್ನ ಮಾತು ಕೇಳಿದ. ಈಗ ಪಟ್ಟಿಯಲ್ಲಿ ‘ನುಡಿ: ಯೂನಿಕೋಡಿಗೆ ಪರಿವರ್ತಿಸು’ ಎಂದು ಬರುತ್ತದೆ. ಅವನು ತಿದ್ದಿಕೊಳ್ಳಲು ಒಂದು ಸಂಜೆ ಸಾಕಾಯಿತು. ನನ್ನದು ಇಷ್ಟು ವರ್ಷ ಬಾಕಿ ಉಳಿಯಿತು. ಆ ಹಿಂದಿನ ಸಾಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕ್ಷಮಿಸಿರಿ.