ನಾಲ್ಕು ಪಟ್ಟು ಎಂದರೆ ಎಷ್ಟು?

ಒಂದು ಅಪಾಯ ಎಷ್ಟು ಪಟ್ಟು ಹೆಚ್ಚಿತೆಂಬುದನ್ನು ಹೇಳಿ, ಅದು ಎಷ್ಟು ಮಂದಿಗೆ ತಟ್ಟಿತೆಂಬುದನ್ನು ಹೇಳದೆ ಬಿಡುವುದು ವೈದ್ಯವಿಜ್ಞಾನದ ಸುದ್ದಿಗಳಲ್ಲಿ ಮೇಲಿಂದ ಮೇಲೆ ಕಾಣುವ ದೋಷ. ಇದರಿಂದ ಅನಾವಶ್ಯಕವಾದ ಭೀತಿ ಹುಟ್ಟುತ್ತದೆ. ಗಮನ ಸಲ್ಲಬೇಕಾದ ವಿಷಯಕ್ಕೆ ಗಮನ ಸಲ್ಲದೆ ಹೋಗುತ್ತದೆ. ಎಂಡೊಮೆಟ್ರಿಯೋಸಿಸ್ ಎಂಬ ಸ್ತ್ರೀರೋಗಕ್ಕೂ ಅಂಡಾಶಯದ ಕ್ಯಾನ್ಸರಿಗೂ ಇರುವ ಸಂಬಂಧ ಇದಕ್ಕೊಂದು ನಿದರ್ಶನ.

ಗರ್ಭಕೋಶದ ಒಳಗೋಡೆಗೆ ಒಂದು ಪೊರೆಯುಂಟು. ಅದು ಪ್ರತಿ ತಿಂಗಳೂ ದಪ್ಪವಾಗಿ ಬೆಳೆದು, ಗರ್ಭ ನಿಲ್ಲದಿದ್ದಾಗ ರಕ್ತದೊಡನೆ ಕಳಚಿ ಹೊರಬೀಳುತ್ತದೆ. ಇದೇ ಋತುಸ್ರಾವ. ಈ ಪೊರೆಯನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದಲ್ಲೋ ಹೊಟ್ಟೆಯ ಒಳಪೊರೆಯ ಮೇಲೋ ಬೇರೂರಿದರೆ ಅದು ಎಂಡೊಮೆಟ್ರಿಯೋಸಿಸ್. ಅಲ್ಲಿ ಒಸರಿದ ರಕ್ತಕ್ಕೆ ಹೊರದಾರಿಯಿಲ್ಲ. ಆದುದರಿಂದ ಉರಿಯೂತವೂ ತೀವ್ರವಾದ ನೋವೂ ಉಂಟಾಗುತ್ತವೆ; ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು; ಕೆಲವರಿಗೆ ಮಕ್ಕಳಾಗುವುದೂ ಕಷ್ಟವಾಗುತ್ತದೆ. ಮಕ್ಕಳನ್ನು ಹೆರುವ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ನೂರಕ್ಕೆ 10 ಮಂದಿ, ಎಂದರೆ ಲೋಕದಲ್ಲಿ ಸುಮಾರು 19 ಕೋಟಿ ಜನ, ಇದರಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ರೋಗಕ್ಕೂ ಕ್ಯಾನ್ಸರಿಗೂ ನಂಟಿರುವುದನ್ನು ಮೊದಲು ತೋರಿಸಿಕೊಟ್ಟವನು ಅಮೆರಿಕದ ಆಲ್ಬನಿ ನಗರದ ವೈದ್ಯ ಜಾನ್ ಸ್ಯಾಂಪ್ಸನ್. ಹಳೆಯ ರಕ್ತ ತುಂಬಿ ಚಾಕೊಲೇಟಿನ ಬಣ್ಣಕ್ಕೆ ತಿರುಗಿದ ಅಂಡಾಶಯದ ಚೀಲಗಳನ್ನು 1921ರಲ್ಲಿ ವರ್ಣಿಸಿದ ಆತ, ಇಂಥ ಅಂಗಾಂಶದಿಂದಲೇ ಕ್ಯಾನ್ಸರು ಹುಟ್ಟಬಹುದೆಂದು 1925ರಲ್ಲಿ ಪ್ರಕಟಿಸಿದ. ಆತನ ಸಾಧನ ಸೂಕ್ಷ್ಮದರ್ಶಕವೊಂದೇ. ಜೀನುಗಳ ಸಾಕ್ಷ್ಯ ದೊರೆಯಲು ಮುಂದೆ ಅನೇಕ ದಶಕಗಳು ಹಿಡಿದವು. 2010ರಲ್ಲಿ ಕೆನಡದ ವ್ಯಾಂಕೂವರಿನ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು, ಅಂಡಾಶಯದ ಕ್ಯಾನ್ಸರಿನ ಒಂದು ಬಗೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳ ಗಂತಿಗಳಲ್ಲಿ ಆರಿಡ್-1ಎ ಎಂಬ ಜೀನು ಕೆಟ್ಟಿರುವುದನ್ನು ಕಂಡರು. ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನು ಅದು. ಇಬ್ಬರು ರೋಗಿಗಳಲ್ಲಿ, ಗಂತಿಗೆ ತಾಗಿಕೊಂಡಿದ್ದ ಎಂಡೊಮೆಟ್ರಿಯೋಸಿಸ್ ಅಂಗಾಂಶದಲ್ಲಿಯೂ ಅದೇ ದೋಷವಿತ್ತು.

ಆದರೆ ಜೀನು ಕೆಟ್ಟ ಮಾತ್ರಕ್ಕೆ ಕ್ಯಾನ್ಸರು ಬಂದೇ ತೀರುವುದೆ? ಇಲ್ಲ. ಅಂಗಗಳೊಳಕ್ಕೆ ಆಳವಾಗಿ ಇಳಿಯುವ, ಆದರೆ ಕ್ಯಾನ್ಸರಾಗುವುದು ತೀರ ವಿರಳವಾದ ಎಂಡೊಮೆಟ್ರಿಯೋಸಿಸನ್ನು 24 ಮಂದಿಯಲ್ಲಿ ಪರೀಕ್ಷಿಸಿದ ಸಂಶೋಧಕರು, ಅವರಲ್ಲಿ ಐವರಿಗೆ ಕ್ಯಾನ್ಸರಿನಲ್ಲಿ ಕಾಣುವಂಥ ಜೀನುದೋಷಗಳೇ ಇದ್ದುವೆಂದು 2017ರಲ್ಲಿ ವರದಿಮಾಡಿದರು. ಆ ಐವರಿಗೂ ಕ್ಯಾನ್ಸರು ಇರಲಿಲ್ಲ. ಬೀಜವಿದ್ದಲ್ಲೆಲ್ಲ ಮರವಾಗುವುದಿಲ್ಲವಷ್ಟೆ.

ಈಗ ಅಂಕಿಗಳಿಗೆ ಬರೋಣ. ಅಮೆರಿಕದ ಯೂಟಾ ರಾಜ್ಯದ ಸುಮಾರು ನಾಲ್ಕೂವರೆ ಲಕ್ಷ ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಅಂಡಾಶಯದ ಕ್ಯಾನ್ಸರಿನ ಅಪಾಯ 4.2 ಪಟ್ಟು, ಆಳಕ್ಕಿಳಿದ ರೋಗ ಅಥವಾ ಅಂಡಾಶಯದ ಚೀಲಗಳು ಇದ್ದವರಿಗೆ ಸುಮಾರು 9.7 ಪಟ್ಟು. ಇಷ್ಟನ್ನೇ ಓದಿದವರು ಬೆಚ್ಚಿಬೀಳುವುದು ಸಹಜ. ಆದರೆ ಅದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನೂ ನೋಡಬೇಕು. ರೋಗವಿಲ್ಲದವರಿಗೆ ಹೋಲಿಸಿದಾಗ, ರೋಗವಿರುವ 10,000 ಸ್ತ್ರೀಯರಲ್ಲಿ ಹೆಚ್ಚುವರಿಯಾಗಿ ಕಂಡ ಕ್ಯಾನ್ಸರುಗಳು ಸುಮಾರು 10. ಮೊದಲೇ ವಿರಳವಾದದ್ದು ನಾಲ್ಕು ಪಟ್ಟಾದರೂ ವಿರಳವಾಗಿಯೇ ಉಳಿಯಿತು.

ಹಾಗಾದರೆ ಈ ಸಂಶೋಧನೆ ನಿಷ್ಪ್ರಯೋಜಕವೆ? ಖಂಡಿತ ಅಲ್ಲ. ಅಂಡಾಶಯದ ಕ್ಯಾನ್ಸರು ಬಹುಮಟ್ಟಿಗೆ ತಡವಾಗಿ ಬಯಲಾಗುವ ರೋಗ. ಬ್ರಿಟನ್ನಿನಲ್ಲಿ 2,00,000ಕ್ಕೂ ಹೆಚ್ಚು ಸ್ತ್ರೀಯರನ್ನು ಆರಿಸಿ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ರಕ್ತಪರೀಕ್ಷೆಯಿಂದಲೋ ಅಲ್ಟ್ರಾಸೌಂಡಿನಿಂದಲೋ ತಪಾಸಣೆ ಮಾಡಿ, ಎಲ್ಲರನ್ನೂ ವರ್ಷಗಟ್ಟಲೆ ಗಮನಿಸಿದರು. ಮರಣಗಳು ಗಣನೀಯವಾಗಿ ಕಡಮೆಯಾಗಲಿಲ್ಲವೆಂದು 2021ರಲ್ಲಿ ತಿಳಿದುಬಂತು. ಎಲ್ಲರನ್ನೂ ಜಾಲಾಡುವ ಮಾರ್ಗ ಫಲಿಸದಿರುವಾಗ, ಕೆಲವು ಬಗೆಯ ಕ್ಯಾನ್ಸರುಗಳಾದರೂ ಎಲ್ಲಿಂದ ಮೊಳೆಯುತ್ತವೆಂಬುದನ್ನು ತಿಳಿಯುವುದು ಬೆಲೆಯುಳ್ಳ ಜ್ಞಾನ. ಅಂಥ ಅಂಗಾಂಶ ಹೊತ್ತ ಸಾವಿರ ಮಂದಿಯಲ್ಲಿ ಯಾರೊಬ್ಬರದು ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಆದರೂ ನಮ್ಮ ಮುಖ್ಯ ಅಭಿಪ್ರಾಯ ಬೇರೊಂದುಂಟು. ಕ್ಯಾನ್ಸರಿನ ಹೆಸರು ಸೇರಿದ ಮೇಲೆ ಮಾತ್ರ ಎಂಡೊಮೆಟ್ರಿಯೋಸಿಸಿಗೆ ಮಹತ್ತ್ವ ಬರುವುದಾದರೆ ಅದು ನ್ಯಾಯವಲ್ಲ. ಆ 10,000 ಮಂದಿಯಲ್ಲಿ ಬಹುಪಾಲು ಜನರಿಗೆ ಈ ಕ್ಯಾನ್ಸರು ಎಂದೂ ಬಾರದು. ನೋವಾದರೋ ಅವರಲ್ಲಿ ಅನೇಕರಿಗೆ ತಿಂಗಳು ತಿಂಗಳೂ ತಪ್ಪಿದ್ದಲ್ಲ. ರೋಗ ಇಂಥದೆಂದು ನಿರ್ಧರಿಸುವುದಕ್ಕೇ ಅನೇಕ ದೇಶಗಳಲ್ಲಿ ವರ್ಷಗಳು ಕಳೆಯುತ್ತವೆ. 'ಮುಟ್ಟಿನ ನೋವು ಹೆಣ್ಣಿಗೆ ಸಹಜ, ಸಹಿಸಿಕೊ' ಎಂಬ ಮಾತು ಈ ವಿಳಂಬಕ್ಕೆ ಒಂದು ಮುಖ್ಯ ಕಾರಣ. ದಾಖಲೆಗಳನ್ನು ಆಧರಿಸಿದ ಸಂಶೋಧನೆ ಸಹ ದಾಖಲಾದ ರೋಗಿಗಳನ್ನಷ್ಟೇ ಎಣಿಸಬಲ್ಲುದು. ಸುಮ್ಮನೆ ಸಹಿಸಿಕೊಂಡವರು ಚಿಕಿತ್ಸೆಗೂ ದೂರ, ಲೆಕ್ಕಕ್ಕೂ ದೂರ.

ಆದಕಾರಣ ವಿದ್ಯಾರ್ಥಿಗಳಿಗೆ ನಾವು ಹೇಳಬಯಸುವುದು ಎರಡು ಮಾತು. 'ಇಷ್ಟು ಪಟ್ಟು' ಎಂಬ ಸುದ್ದಿಯನ್ನು ಓದಿದಾಗಲೆಲ್ಲ 'ಯಾವುದರ ಇಷ್ಟು ಪಟ್ಟು?' ಎಂದು ಕೇಳಿರಿ. ಮತ್ತು ತರಗತಿಗೆ ಹೋಗಲಾರದಷ್ಟು, ನಿತ್ಯದ ಕೆಲಸ ಮಾಡಲಾರದಷ್ಟು ಮುಟ್ಟಿನ ನೋವು ಮರಳಿ ಮರಳಿ ಬರುತ್ತಿದ್ದರೆ, ಅದನ್ನು ಸಹಜವೆಂದು ಮುಚ್ಚಿಡದೆ ತಾಯಿಗೋ ಅಕ್ಕನಿಗೋ ಹೇಳಿ ವೈದ್ಯರನ್ನು ಕಾಣಿರಿ. ಹುಡುಗರೂ ಇದನ್ನು ತಿಳಿದಿರಬೇಕು. ನಾಳೆ ವೈದ್ಯರಾಗಿ, ಸಂಶೋಧಕರಾಗಿ, ಮನೆಯ ಯಜಮಾನರಾಗಿ ಈ ನೋವಿನ ಮಾತನ್ನು ಕೇಳಬೇಕಾದವರಲ್ಲಿ ಅವರೂ ಸೇರಿದ್ದಾರೆ.