ಒಂದು ಗೋಲಿನ ಅನ್ಯಾಯ

2010ರ ವಿಶ್ವಕಪ್ಪನ್ನು ಸ್ಪೇನ್ ಗೆದ್ದದ್ದು ಏಳು ಪಂದ್ಯಗಳಲ್ಲಿ ಬರೀ ಎಂಟು ಗೋಲು ಹೊಡೆದು. ನಾಕೌಟ್ ಹಂತದ ನಾಲ್ಕೂ ಪಂದ್ಯಗಳು 1-0. ಇದನ್ನು ಕೇಳಿ ಒಬ್ಬ ‘ಏನು ಬಿಗಿಯಪ್ಪಾ!’ ಎನ್ನುತ್ತಾನೆ. ಇನ್ನೊಬ್ಬ ‘ಇಷ್ಟಕ್ಕೆ ನಿದ್ದೆಗೆಡಬೇಕಿತ್ತೇ?’ ಎಂದು ಕೇಳುತ್ತಾನೆ.

ಎರಡನೆಯವನಿಗೆ ಆಟವೇ ಗೊತ್ತಿಲ್ಲ ಎಂದು ತಳ್ಳಿಹಾಕುವುದು ಫುಟ್‌ಬಾಲ್ ಅಭಿಮಾನಿಗಳ ಹಳೇ ಚಾಳಿ. ಆದರೆ ಅವನ ತಕರಾರಿನಲ್ಲಿ ಲೆಕ್ಕವಿದೆ. ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದೊಂದು ತಂಡವೂ ನೂರರ ಆಸುಪಾಸು ಅಂಕ ಗಳಿಸುತ್ತದೆ. ಅಷ್ಟು ಸಲ ಪರೀಕ್ಷೆಗಿಟ್ಟರೆ ಅದೃಷ್ಟ ಅತ್ತಿತ್ತ ವಜಾ ಆಗಿ ಬಹುಪಾಲು ಬಲಶಾಲಿಯೇ ಗೆಲ್ಲುತ್ತಾನೆ. ಎರಡು-ಮೂರು ಗೋಲಿನ ಆಟದಲ್ಲಿ ಹಾಗಲ್ಲ. ಯಾರದೋ ಮೊಣಕಾಲಿಗೆ ತಾಗಿ ದಿಕ್ಕು ತಪ್ಪಿದ ಚೆಂಡನ್ನು ಸರಿದೂಗಿಸಲು ಇನ್ನೊಂದು ಅವಕಾಶ ಸಿಗದೇ ಹೋಗಬಹುದು. ಯೋಗ್ಯತೆಗೆ ತಕ್ಕ ಫಲ ಬಯಸುವವನಿಗೆ ಇದು ಅನ್ಯಾಯ. ಅನ್ಯಾಯವೇ ಹೌದು, ನನ್ನ ಮಟ್ಟಿಗೆ ಆಟದ ಸೆಳೆತ ಇರುವುದೂ ಅಲ್ಲೇ.

1950ರ ವಿಶ್ವಕಪ್ಪಿನಲ್ಲಿ, ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಅಮೆರಿಕ ತಂಡ ಇಂಗ್ಲೆಂಡನ್ನು 1-0ಯಿಂದ ಸೋಲಿಸಿತು. ಅಮೆರಿಕದ ಗೋಲ್‌ಕೀಪರ್ ಫ್ರಾಂಕ್ ಬೋರ್ಗಿ ಊರಲ್ಲಿ ಶವವಾಹನ ಓಡಿಸುತ್ತಿದ್ದವನು. ಗೋಲು ಹೊಡೆದ ಜೋ ಗೇಟ್ಜೆನ್ಸ್ ನ್ಯೂಯಾರ್ಕಿನಲ್ಲಿ ಹೋಟೆಲ್ ಪಾತ್ರೆ ತೊಳೆಯುತ್ತ ಓದುತ್ತಿದ್ದವನು. ಗೋಲು ಬಿದ್ದದ್ದು 38ನೇ ನಿಮಿಷದಲ್ಲಿ. ಉಳಿದ ಐವತ್ತು ಚಿಲ್ಲರೆ ನಿಮಿಷ ಇಂಗ್ಲೆಂಡಿಗೆ ಗಡಿಯಾರ ಓಡುತ್ತಿತ್ತು, ಅಮೆರಿಕಕ್ಕೆ ನಿಂತೇಬಿಟ್ಟಿತ್ತು. ಇಷ್ಟು ಅಂತರವಿರುವ ಎರಡು ತಂಡಗಳು ನೂರು ಅಂಕಗಳ ಆಟ ಆಡಿದ್ದರೆ ಅರ್ಧ ಹೊತ್ತಿಗೇ ಎಲ್ಲ ಮುಗಿದಿರುತ್ತಿತ್ತು.

ತಮಾಷೆಯೆಂದರೆ ಗೋಲುಗಳ ಈ ಕೊರತೆಯನ್ನು ಸರಿಪಡಿಸಲು ಹೊರಟವರೂ ಅಮೆರಿಕದವರೇ. ಅಲ್ಲಿನ ಹಳೆಯ ಲೀಗು ಗೋಲುಗಳಿಗೆ ಬೋನಸ್ ಅಂಕ ಕೊಟ್ಟಿತು, ಆದರೂ 1984ರ ನಂತರ ಬಾಗಿಲು ಹಾಕಿತು. 1996ರಲ್ಲಿ ಶುರುವಾದ ಅಲ್ಲಿನ ಹೊಸ ಲೀಗು ಎಂಎಲ್‌ಎಸ್, ಡ್ರಾ ಬೇಡವೆಂದು ತಂದ ಶೂಟೌಟನ್ನು ನಾಲ್ಕು ಋತುಗಳಲ್ಲೇ ಕೈಬಿಟ್ಟಿತು. ಅಂದಹಾಗೆ ಅವರ ಅಮೆರಿಕನ್ ಫುಟ್‌ಬಾಲಿನ 21-14ನ್ನು ಬಿಡಿಸಿ ನೋಡಿ: ಏಳೇಳು ಅಂಕಗಳ 3-2!

ಹಾಗೆಂದು ಪ್ರತಿ 0-0 ಪಂದ್ಯವೂ ಅಮೃತವಲ್ಲ. ಪಂದ್ಯಕ್ಕೆ ಸರಾಸರಿ 2.21 ಗೋಲಿನ 1990ರ ವಿಶ್ವಕಪ್ಪಿನಲ್ಲಿ ಗೋಲ್‌ಕೀಪರನಿಗೆ ಚೆಂಡು ಹಿಂದೆ ತಳ್ಳಿ ಕಾಲಹರಣ ಮಾಡುವುದು ಅತಿಯಾಗಿ, 1992ರಲ್ಲಿ ನಿಯಮವನ್ನೇ ಬದಲಿಸಬೇಕಾಯಿತು.

ಐದು ದಿನ ಆಡಿ ಡ್ರಾ ಆದ ಟೆಸ್ಟನ್ನು ಸವಿಯುವ ನಮ್ಮ ಕ್ರಿಕೆಟ್ ಪ್ರಿಯರೂ 0-0 ಕಂಡು ತಲೆ ಕೆರೆದುಕೊಳ್ಳುತ್ತಾರೆ. ಕ್ರಿಕೆಟ್‌ನಲ್ಲಿ ಸ್ಕೋರ್‌ಬೋರ್ಡೇ ಕಥೆ ಹೇಳುತ್ತಿರುತ್ತದೆ, ಫುಟ್‌ಬಾಲ್‌ನಲ್ಲಿ ಅದು ಮೂಕ. 2019ರ ಐಎಸ್‌ಎಲ್ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಗೋವಾದ ಆಟಗಾರನೊಬ್ಬ ಕೆಂಪು ಕಾರ್ಡ್ ಪಡೆದು ಹೊರನಡೆದಾಗಲೂ ಬೋರ್ಡ್ ತೋರಿಸುತ್ತಿದ್ದದ್ದು 0-0 ಎಂದೇ. ಮೈದಾನದ ಮೇಲೆ ಕಣ್ಣಿಟ್ಟಿದ್ದವರಿಗೆ ಮಾತ್ರ ಪಂದ್ಯ ಬೆಂಗಳೂರು ಎಫ್‌ಸಿ ಕಡೆ ವಾಲಬಹುದೆಂಬ ಸುಳಿವು ಅಲ್ಲೇ ಸಿಕ್ಕಿತ್ತು. 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಂಗಳೂರಿನ ರಾಹುಲ್ ಭೆಕೆ ತಲೆ ಕೊಟ್ಟ ಮೇಲಷ್ಟೇ ಅದು ಬೋರ್ಡಿಗೆ ಗೊತ್ತಾಯಿತು.