ದ್ವೀಪವೂ ಅಡವಿಯೂ ಆರೇ ದಿನಗಳಲ್ಲಿ

ಪರದೇಶ ಪ್ರವಾಸವೆಂದರೆ ವರ್ಷಗಟ್ಟಲೆಯ ಸಿದ್ಧತೆ, ಹತ್ತು ಕಚೇರಿಗಳ ಅಲೆದಾಟ ಎಂದು ಎಣಿಸುತ್ತಿದ್ದ ಕಾಲ ಸರಿದುಹೋಗಿದೆ. ಬೆಂಗಳೂರಿನಲ್ಲಿ ರಾತ್ರಿ ವಿಮಾನವನ್ನೇರಿದವರು ಬೆಳಗಾಗುವಷ್ಟರಲ್ಲಿ ಕ್ವಾಲಾಲಂಪುರದಲ್ಲಿ ಇಳಿಯುತ್ತಾರೆ. ಮಲೇಶಿಯಾ ಸರಕಾರವು 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗಿನ ವಾಸಕ್ಕೆ ವೀಸಾ ಬೇಡವೆಂದು ಸಾರಿತು. ಮುಂದೆ ಆ ವಿನಾಯಿತಿಯನ್ನು 2026ರ ಕೊನೆಯವರೆಗೂ ವಿಸ್ತರಿಸಿತು. ಇದರ ಫಲ ಬೇಗನೆ ಕಾಣಿಸಿಕೊಂಡಿತು. 2019ರಲ್ಲಿ ಆ ದೇಶಕ್ಕೆ ಹೋದ ಭಾರತೀಯರ ಸಂಖ್ಯೆ ಏಳು ಲಕ್ಷಕ್ಕೆ ತುಸು ಮೇಲು. 2024ರಲ್ಲಿ ಅದು ಹತ್ತು ಲಕ್ಷವನ್ನು ದಾಟಿತು. ಬಾಗಿಲು ತೆರೆದಿರುವುದು ಸಂತೋಷದ ವಿಷಯವೇ. ಆದರೆ ತೆರೆದ ಬಾಗಿಲಿನಿಂದ ಒಳಹೊಕ್ಕವರು ಅಲ್ಲಿ ಏನನ್ನು ನೋಡುತ್ತಾರೆ, ನೋಡಲು ಹೋಗಿ ಏನನ್ನು ಸವೆಸಿ ಬರುತ್ತಾರೆ ಎಂಬುದನ್ನು ವಿಚಾರಿಸುವವರು ಕಡಿಮೆ.

ನನಗೆ ಪರಿಚಿತರಾದ ಕೆಲವರು ಈಚೆಗೆ ತಮ್ಮ ಪ್ರವಾಸದ ಕಾರ್ಯಕ್ರಮವನ್ನು ತಂದು ತೋರಿಸಿದರು. ಒಟ್ಟು ಆರು ದಿನ. ಅಷ್ಟರೊಳಗೆ ಪೂರ್ವ ಕರಾವಳಿಯ ಪೆರ್ಹೆಂತಿಯನ್ ದ್ವೀಪಗಳೂ ಆಗಬೇಕು, ನಡುನಾಡಿನ ‘ತಮನ್ ನೆಗಾರಾ’ ಮಳೆಕಾಡೂ ಆಗಬೇಕು. ಆಸೆಯೇನೂ ತಪ್ಪಲ್ಲ. ಒಂದು ಕಡೆ ಹವಳದ ಬಂಡೆಗಳ ಮೇಲೆ ತಿಳಿನೀರು, ಇನ್ನೊಂದು ಕಡೆ ಬಿಸಿಲು ನೆಲ ಮುಟ್ಟದ ಅಡವಿ. ಇವೆರಡೂ ಒಂದೇ ದೇಶದಲ್ಲಿರುವಾಗ ಒಂದೇ ಸಲಕ್ಕೆ ಕಂಡುಬರಬಾರದೇಕೆ ಎಂದು ಯಾರಿಗಾದರೂ ತೋರೀತು. ಭೂಪಟದಲ್ಲಿ ಅವೆರಡರ ನಡುವೆ ಇರುವುದು ಬೆರಳಗಲದ ಅಂತರ.

ಆದರೆ ಭೂಪಟದ ಬೆರಳಗಲ ನೆಲದ ಮೇಲೆ ಒಂದು ಹಗಲು. ಕ್ವಾಲಾಲಂಪುರದಿಂದ ಜೆರಾಂತುಟ್ ಪಟ್ಟಣಕ್ಕೆ ಸುಮಾರು 200 ಕಿಲೋಮೀಟರು; ಅಲ್ಲಿಂದ ಕಾಡಿನ ಹೆಬ್ಬಾಗಿಲಾದ ಕ್ವಾಲಾ ತಹಾನಿಗೆ ರಸ್ತೆಯಲ್ಲಿ ಇನ್ನೂ ಒಂದು ತಾಸಿನ ಮೇಲೆ. ತೆಂಬೆಲಿಂಗ್ ನದಿಯ ಮೇಲೆ ದೋಣಿಯಲ್ಲಿ ಹೋದರೆ ಎರಡು ಮೂರು ತಾಸು. ಕಾಡಿನಿಂದ ಹೊರಟು ಪೆರ್ಹೆಂತಿಯನ್ನಿಗೆ ದೋಣಿ ಸಿಗುವ ಕ್ವಾಲಾ ಬೆಸುಟ್ ಬಂದರನ್ನು ಸೇರುವುದಕ್ಕೆ ಬಹುಮಟ್ಟಿಗೆ ಒಂದು ಇಡೀ ದಿನ. ಬಂದ ದಿನ, ಹೊರಡುವ ದಿನ, ನಡುವಣ ಈ ಓಡಾಟ, ಇವನ್ನೆಲ್ಲ ಕಳೆದರೆ ಆರರಲ್ಲಿ ಉಳಿಯುವುದು ಎರಡು ಹಗಲು: ಕಾಡಿಗೊಂದು, ಕಡಲಿಗೊಂದು. ‘ಪೆರ್ಹೆಂತಿಯನ್’ ಎಂಬ ಮಲಯ ಮಾತಿಗೆ ತಂಗುದಾಣವೆಂದು ಅರ್ಥ. ತಂಗುವುದಕ್ಕೆ ಬಿಡುವಿಲ್ಲದವರು ಅಲ್ಲಿಗೆ ಹೋಗಿ ಪಡೆಯುವುದೇನು?

ದೂರಕ್ಕಿಂತಲೂ ದೊಡ್ಡ ಪ್ರಶ್ನೆ ಋತುವಿನದು. ಮಲ್ಪೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ದೋಣಿ ಹೋಗುವುದಿಲ್ಲವೆಂಬುದನ್ನು ಅವನು ಹುಟ್ಟಿದಂದಿನಿಂದ ಬಲ್ಲ. ಮಲಯ ಪರ್ಯಾಯದ್ವೀಪಕ್ಕೆ ಇಂಥ ಎರಡು ಕರಾವಳಿಗಳಿವೆ, ಎರಡಕ್ಕೂ ಬೇರೆ ಬೇರೆ ಪಂಚಾಂಗ. ನವೆಂಬರಿನಿಂದ ಮಾರ್ಚಿಯವರೆಗೆ ದಕ್ಷಿಣ ಚೀನಾ ಸಮುದ್ರದ ಮೇಲಿಂದ ಬರುವ ಈಶಾನ್ಯ ಮಾರುತ ಪೂರ್ವ ಕರಾವಳಿಯನ್ನು ಅಪ್ಪಳಿಸುತ್ತದೆ. ಆಗ ಪೆರ್ಹೆಂತಿಯನ್, ರೆದಾಂಗ್, ತಿಯೊಮನ್ ದ್ವೀಪಗಳಲ್ಲಿ ವಸತಿಗೃಹಗಳು ಬಹುಪಾಲು ಮುಚ್ಚಿರುತ್ತವೆ. ಅದೇ ದಿನಗಳಲ್ಲಿ ಪಶ್ಚಿಮದ ಲಂಕಾವಿಯಲ್ಲಿ ಆಕಾಶ ತಿಳಿಯಾಗಿರುತ್ತದೆ. ಹಾಗಾದರೆ ಡಿಸೆಂಬರಿನ ರಜೆಗೆ ಲಂಕಾವಿಯನ್ನೂ ತಮನ್ ನೆಗಾರಾವನ್ನೂ ಕೂಡಿಸಿದರಾಯಿತಲ್ಲ ಎಂದರೆ, ಕಾಡು ಅದಕ್ಕೆ ಒಡಂಬಡುವುದಿಲ್ಲ. ಅದರ ನದಿಗಳು ತುಂಬುವುದು ಈ ತಿಂಗಳುಗಳಲ್ಲಿಯೇ. 2014ರ ಡಿಸೆಂಬರಿನ ನೆರೆಯಲ್ಲಿ ಕೆಲಾಂತನ್, ತೆರೆಂಗಾನು, ಪಹಾಂಗ್ ಪ್ರಾಂತಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಜನ ಮನೆ ಬಿಡಬೇಕಾಯಿತು. ತಮನ್ ನೆಗಾರಾದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು.

ಇನ್ನು ಉಳಿದದ್ದು ನಮ್ಮ ಬೇಸಗೆ ರಜೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪೂರ್ವ ಕರಾವಳಿಯ ಕಡಲು ಶಾಂತವಾಗಿರುವುದು ನಿಜ. ಆದರೆ ಅಲ್ಲಿಯ ನೀರು ಅತ್ಯಂತ ಬಿಸಿಯಾಗುವುದೂ ಹವಳ ಅತಿಯಾಗಿ ಬಳಲುವುದೂ ಹೆಚ್ಚುಕಡಮೆ ಇದೇ ಕಾಲದಲ್ಲಿ. ಹವಳವೆಂಬುದು ಕಲ್ಲಲ್ಲ, ಜೀವ. ತನ್ನೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿ ತಯಾರಿಸುವ ಆಹಾರದಿಂದ ಅದು ಬದುಕುತ್ತದೆ. ನೀರಿನ ಉಷ್ಣ ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಮೇಲೇರಿ ಕೆಲವು ವಾರ ನಿಂತರೆ ಸಾಕು, ಆ ಪಾಚಿಯನ್ನು ಹೊರದೂಡಿ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 2010ರಲ್ಲಿ ಹೀಗಾದಾಗ ಮಲೇಶಿಯಾ ತಿಯೊಮನ್, ರೆದಾಂಗ್ ಮೊದಲಾದೆಡೆ ಕೆಲವು ಮುಳುಗುತಾಣಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ಹವಳ ಬಿಳಿಚುವ ನಾಲ್ಕನೆಯ ಮಹಾಪ್ರಸಂಗ ನಡೆದಿದೆಯೆಂದು ಸಾರಿದರು. ಕಾಯಿಲೆಯವರ ಮನೆಗೆ ನೆಂಟರು ಗುಂಪುಕಟ್ಟಿ ಹೋಗುವಂತೆ, ಹವಳ ಹಾಸಿಗೆ ಹಿಡಿದ ದಿನಗಳಲ್ಲಿಯೇ ನಾವು ಅದರ ಮೇಲೆ ಈಜಲು ಹೋಗುತ್ತೇವೆ.

ಕಾಡಿನ ಮಾತು ಇನ್ನಷ್ಟು ಗಂಭೀರವಾದುದು. ‘ನೆಗಾರಾ’ ಎಂಬ ಶಬ್ದ ನಮ್ಮ ‘ನಗರ’ವೇ, ಸಮುದ್ರ ದಾಟಿ ಹೋಗಿ ಅಲ್ಲಿ ‘ರಾಷ್ಟ್ರ’ವೆಂಬ ಅರ್ಥವನ್ನು ಪಡೆದಿದೆ. ತಮನ್ ನೆಗಾರಾ ಎಂದರೆ ರಾಷ್ಟ್ರೋದ್ಯಾನ. ಮೂರು ಪ್ರಾಂತಗಳ ಸುಲ್ತಾನರು ಒಪ್ಪಿ ನೆಲ ಬಿಟ್ಟುಕೊಟ್ಟದ್ದರಿಂದ 1938–39ರಲ್ಲಿ ಇದು ಐದನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ ಇಂದಿನ ಹೆಸರನ್ನು ಪಡೆಯಿತು. ವಿಸ್ತಾರ 4,343 ಚದರ ಕಿಲೋಮೀಟರು. ಪರ್ಯಾಯದ್ವೀಪದ ಅತ್ಯುನ್ನತ ಶಿಖರ, 2,187 ಮೀಟರಿನ ಗುನುಂಗ್ ತಹಾನ್, ಇದರೊಳಗಿದೆ. ಆದರೆ ಕಾಡನ್ನು ಸೇರುವ ಮೊದಲು ಪ್ರವಾಸಿಗನ ಕಣ್ಣಿಗೆ ಬೀಳುವುದು ದಾರಿಯ ಎರಡೂ ಕಡೆ ಸಾಲುಗಟ್ಟಿದ ತಾಳೆಯ ತೋಟಗಳು. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚಾಗಿ ಆಮದು ಮಾಡಿಕೊಳ್ಳುವ ದೇಶ ಭಾರತ. ನಮಗೆ ಅದನ್ನು ಮಾರುವವರಲ್ಲಿ ಮಲೇಶಿಯಾ ಪ್ರಮುಖವಾದುದು. ನಮ್ಮ ಬೀದಿಯ ಅಂಗಡಿಯಲ್ಲಿ ಬೋಂಡ ಕರಿಯುವ ಬಾಣಲೆಗೂ ಆ ಕಾಡಿನ ಅಂಚಿಗೂ ಈ ಬಗೆಯ ನಂಟು ಉಂಟು.

ಉಳಿದಿರುವ ಕಾಡಿನಲ್ಲಿ ಏನು ಉಳಿದಿದೆ? 2022ರಲ್ಲಿ ಪ್ರಕಟವಾದ ಗಣತಿಯಂತೆ ಪರ್ಯಾಯದ್ವೀಪದಲ್ಲಿ ಹುಲಿಗಳು 150ಕ್ಕೂ ಕಡಿಮೆ. ಸುಮಾತ್ರಾ ಖಡ್ಗಮೃಗಗಳಲ್ಲಿ ಮಲೇಶಿಯಾದ ಕೊನೆಯದು 2019ರ ನವೆಂಬರಿನಲ್ಲಿ ಬೋರ್ನಿಯೋದಲ್ಲಿ ಸತ್ತಿತು. ಒಂದು ಹಗಲು ಕಾಡು ಹೊಕ್ಕು, ಒಂದು ಜಿಗಣೆಯನ್ನೂ ಎರಡು ಚಿಟ್ಟೆಯನ್ನೂ ಕಂಡು, ‘ಪ್ರಾಣಿಗಳೇ ಕಾಣಲಿಲ್ಲ’ವೆಂದು ದೂರುತ್ತ ಮರಳುವವರು ಈ ಅಂಕಿಗಳನ್ನು ಓದಬೇಕು. ಅಡವಿಯಲ್ಲಿ ಹಿರಿಯ ಪ್ರಾಣಿ ಕಾಣದಿರುವುದಕ್ಕೆ ಅವಸರ ಒಂದು ಕಾರಣ, ಇಲ್ಲದಿರುವಿಕೆ ಇನ್ನೊಂದು.

ಪ್ರಾಣಿಗಳ ಮಾತಾಯಿತು; ಮನುಷ್ಯರ ಮಾತು? ಪರ್ಯಾಯದ್ವೀಪದ ಆದಿವಾಸಿಗಳನ್ನು ಅಲ್ಲಿ ‘ಒರಾಂಗ್ ಅಸ್ಲಿ’ ಎನ್ನುತ್ತಾರೆ. ಒರಾಂಗ್ ಎಂದರೆ ಮನುಷ್ಯ. ಅಸ್ಲಿ ನಮ್ಮ ‘ಅಸಲು’. ನೆಲದ ಅಸಲು ಮಂದಿಯಾದ ಇವರಲ್ಲಿ ಬತೆಕ್ ಎಂಬ ಜನ ಈ ಕಾಡಿನಲ್ಲಿಯೇ ಅಲೆದು ಬದುಕಿದವರು. ಅವರ ಗುಡಿಸಲುಗಳಿಗೆ ಹೋಗಿ, ಕೊಳವೆ ಊದಿ ಬಾಣ ಬಿಡುವುದನ್ನು ನೋಡುವುದು ಪ್ರವಾಸದ ಒಂದು ಬಾಬು. 2019ರ ಜೂನ್ ತಿಂಗಳಲ್ಲಿ, ಉದ್ಯಾನದ ಕೆಲಾಂತನ್ ಅಂಚಿನ ಕ್ವಾಲಾ ಕೋಹ್ ಎಂಬಲ್ಲಿ, ತಾಳೆ ತೋಟಗಳು ಸುತ್ತುವರಿದ ಬತೆಕ್ ನೆಲೆಯೊಂದರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತ ಸುದ್ದಿ ಹೊರಬಿತ್ತು. ದಡಾರವೆಂದು ಆರೋಗ್ಯ ಇಲಾಖೆ ಗುರುತಿಸಿತು. ಲಸಿಕೆಯಿಂದ ತಡೆಯಬಹುದಾದ ರೋಗ! ಪ್ರವಾಸಿಗನನ್ನು ಕಾಡಿನ ಬಾಗಿಲವರೆಗೆ ತಪ್ಪದೆ ಮುಟ್ಟಿಸುವ ವ್ಯವಸ್ಥೆ ಆ ಕಾಡಿನ ಮಕ್ಕಳಿಗೆ ಲಸಿಕೆಯನ್ನು ಮುಟ್ಟಿಸಲಾರದೆ ಹೋಯಿತು.

ಸರಕಾರಗಳು ಮಾತ್ರ ಎಣಿಸುವುದು ಬಂದವರ ತಲೆಗಳನ್ನು. 2024ರಲ್ಲಿ ಮಲೇಶಿಯಾಕ್ಕೆ ಬಂದ ಪರದೇಶೀಯ ಪ್ರವಾಸಿಗರು ಸುಮಾರು ಎರಡೂವರೆ ಕೋಟಿ. 2026ನ್ನು ಸಂದರ್ಶನ ವರ್ಷವೆಂದು ಘೋಷಿಸಿದಾಗ ಮೊದಲಿಗೆ ಇಟ್ಟುಕೊಂಡ ಗುರಿ ಮೂರು ಕೋಟಿ ಐವತ್ತಾರು ಲಕ್ಷ. ಪ್ರವಾಸದಿಂದ ದೋಣಿಯವನಿಗೂ ಅಡುಗೆಯವಳಿಗೂ ಅನ್ನ ದೊರಕುವುದನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಮಿತಿಯನ್ನು ಹಾಕಿಯೂ ಪ್ರವಾಸವನ್ನು ನಡೆಸಬಹುದೆಂಬುದಕ್ಕೆ ಆ ದೇಶದಲ್ಲಿಯೇ ನಿದರ್ಶನವಿದೆ. ಬೋರ್ನಿಯೋದ ಸಬಾ ಪ್ರಾಂತದಾಚೆ ಸಿಪಾದಾನ್ ಎಂಬ ಪುಟ್ಟ ದ್ವೀಪ. 2002ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅದು ಇಂಡೊನೇಶಿಯಾದ್ದಲ್ಲ, ಮಲೇಶಿಯಾದ್ದೆಂದು ತೀರ್ಪಿತ್ತಿತು. 2004ರ ಕೊನೆಯೊಳಗೆ ಅಲ್ಲಿಯ ವಸತಿಗೃಹಗಳನ್ನೆಲ್ಲ ತೆರವು ಮಾಡಿಸಿ, ದಿನಕ್ಕೆ 120 ಜನರಿಗಷ್ಟೇ ಪರವಾನಗಿಯೆಂಬ ಕಟ್ಟಳೆಯನ್ನು ತಂದರು. ಮುಂದೆ ಆ ಸಂಖ್ಯೆಯನ್ನು ಏರಿಸಿದರೂ ಮಿತಿಯ ತತ್ತ್ವವನ್ನು ಕೈಬಿಡಲಿಲ್ಲ. ಮಳೆಕಾಡಿಗೂ ಉಳಿದ ದ್ವೀಪಗಳಿಗೂ ಬೇಕಾಗಿರುವುದು ಇಂಥ ಲೆಕ್ಕ.

ಸರಕಾರ ಲೆಕ್ಕ ಹಾಕುವವರೆಗೆ ಪ್ರವಾಸಿಗನು ಸುಮ್ಮನಿರಬೇಕಾಗಿಲ್ಲ. ಕಾರ್ಯಕ್ರಮ ತಂದ ಪರಿಚಿತರಿಗೆ ನಾನು ಹೇಳಿದ್ದು ಇಷ್ಟು: ಎರಡನ್ನೂ ಬೇಕೆನ್ನುವಿರಾದರೆ ಎರಡೂ ಒಂದೆಡೆ ಇರುವಲ್ಲಿಗೆ ಹೋಗಿ. ಡಿಸೆಂಬರಿನಿಂದ ಮಾರ್ಚಿಯೊಳಗೆ ಹೊರಡುವವರಿಗೆ ಲಂಕಾವಿಯಲ್ಲಿಯೇ ಮಚಿಂಚಾಂಗ್ ಬೆಟ್ಟದ ಅಡವಿಯಿದೆ. ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳ ಮೇಲೆ ಬೆಳೆದ ಕಾಡು ಅದು. ಮಳೆ ಹಿಂದೆಗೆದ ಮೇಲೆ ಹೊರಡುವವರಿಗೆ ತಿಯೊಮನ್ ಇದೆ. ಮೆರ್ಸಿಂಗ್ ಬಂದರಿನಿಂದ ಎರಡು ತಾಸಿನೊಳಗಿನ ದೋಣಿಪಯಣ, ದ್ವೀಪದ ನಡುವೆ ಸಾವಿರ ಮೀಟರಿಗೂ ಎತ್ತರದ ಶಿಖರ, ತೆಕೆಕ್ ಊರಿನಿಂದ ಜುವಾರಾ ಊರಿಗೆ ಕಾಡಿನೊಳಗಿನ ಕಾಲುದಾರಿ. ಹವಳ ಬಿಳಿಚಿದ ಸುದ್ದಿಯಿದ್ದ ವರ್ಷ ನೀರಿಗಿಳಿಯುವುದನ್ನು ಬಿಟ್ಟು ಆ ದಾರಿಯಲ್ಲಿಯೇ ನಡೆಯಬಹುದು. ತಮನ್ ನೆಗಾರಾವನ್ನು ನೋಡಲೇಬೇಕೆಂದಿದ್ದರೆ ದ್ವೀಪದ ಹಂಬಲವನ್ನು ಬಿಟ್ಟು ಆರು ದಿನವನ್ನೂ ಕಾಡಿಗೇ ಕೊಡಬೇಕು. ಸುತ್ತಲಿನ ತೋಟಗಳನ್ನೂ ಅಲ್ಲಿಯ ಮನುಷ್ಯರನ್ನೂ ವಿಚಾರಿಸಿ ತಿಳಿಯಲು ಅಷ್ಟು ದಿನವಾದರೂ ಬೇಕು.

ಅವರು ಕಾರ್ಯಕ್ರಮವನ್ನು ಮಡಿಸಿಟ್ಟುಕೊಂಡು, ಯಾವ ತಿಂಗಳಲ್ಲಿ ರಜೆ ಸಿಕ್ಕೀತೆಂಬುದನ್ನು ಮೊದಲು ನೋಡುತ್ತೇವೆಂದರು. ಸ್ಥಳಗಳ ಪಟ್ಟಿಗಿಂತ ಮೊದಲು ತಿಂಗಳನ್ನು ನೋಡುವುದು ಒಳ್ಳೆಯ ಆರಂಭವೆಂದೇ ನನ್ನ ಎಣಿಕೆ.